ಕುಲುಮೆ ಪಕ್ಕ ಹುಟ್ಟಿದ ಬೈಕ್, 55 ವರ್ಷ ಅಳತೆ ಬದಲಿಸದ ಎಂಜಿನ್: ಕಾರ್ಲೋ ಗುಟ್ಸಿ ಬದುಕಿನ ಕಥೆ

ಹಳೇ ಬೈಕ್ ಕೆಲವರ ಕಣ್ಣಿಗೆ ಗುಜರಿ, ಕೆಲವರ ಕಣ್ಣಿಗೆ ಆಸ್ತಿ. ಇಟಲಿಯಲ್ಲಿ ಈ ಎರಡನೇ ಗುಂಪಿನ ಜನ ಬಹಳ. ಅಜ್ಜನ ಕಾಲದ ಬೈಕನ್ನು ಶೆಡ್ಡಿನಿಂದ ಹೊರಗೆ ತಂದು, ನಟ್ಟು ಬೋಲ್ಟು ಬಿಚ್ಚಿ, ತುಕ್ಕು ತೆಗೆದು, ತಿಂಗಳುಗಟ್ಟಲೆ ಕೂತು ಮತ್ತೆ ಸ್ಟಾರ್ಟ್ ಮಾಡೋದು ಅಲ್ಲಿ ದೊಡ್ಡ ಹವ್ಯಾಸ. ಅವರು ಹುಡುಕಿಕೊಂಡು ಹೋಗುವ ಹೆಸರುಗಳಲ್ಲಿ ಮುಖ್ಯವಾದದ್ದು ಮೋಟೊ ಗುಟ್ಸಿ. ಟ್ಯಾಂಕಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದು ಇರುತ್ತಲ್ಲ, ಅದೇ.

ಆ ಹೆಸರಿನ ಹಿಂದಿರುವ ಮನುಷ್ಯ ಕಾರ್ಲೋ ಗುಟ್ಸಿ. ದೊಡ್ಡ ಸಾಹುಕಾರರಲ್ಲ. ಕಂಪನಿಗೆ ಇವರ ಹೆಸರಿತ್ತು, ಆದರೆ ಶುರುವಿನಲ್ಲಿ ಕಂಪನಿಯಲ್ಲಿ ಇವರಿಗೆ ಪಾಲು ಇರಲಿಲ್ಲ. ಸಣ್ಣ ಊರಿನಲ್ಲೇ ಇದ್ದುಕೊಂಡು ಇವರು ಮಾಡಿದ ಎಂಜಿನ್ ಇವತ್ತಿಗೂ ಬಿಚ್ಚಿ ಜೋಡಿಸಿದರೆ ಓಡುತ್ತದೆ. ಅದು ಹೇಗೆ ಸಾಧ್ಯವಾಯಿತು ಅನ್ನೋದೇ ಈ ಕಥೆ.

ಕೆರೆ ದಂಡೆಯ ಊರು

ಗುಟ್ಸಿ ಹುಟ್ಟಿದ್ದು 1889ರ ಆಗಸ್ಟ್ 4ರಂದು, ಮಿಲಾನ್ ನಗರದಲ್ಲಿ. ಮುಂದೆ ಕುಟುಂಬ ಮಂಡೆಲ್ಲೋ ಎಂಬ ಊರಿಗೆ ಬಂದು ನೆಲೆಸಿತು. ಉತ್ತರ ಇಟಲಿಯ ಕೋಮೋ ಸರೋವರದ ಪೂರ್ವ ದಂಡೆಯಲ್ಲಿರುವ ಪುಟ್ಟ ಊರದು. ಮುಂದೆ ನೀರು, ಹಿಂದೆ ಗ್ರಿನ್ಯೆ ಬೆಟ್ಟ, ನಡುವೆ ಒಂದಿಷ್ಟು ಮನೆ.

ಅಲ್ಲಿ ಜಾರ್ಜೋ ರಿಪಾಮೊಂಟಿ ಅಂತ ಒಬ್ಬ ಕಮ್ಮಾರ ಇದ್ದರು. ಕಬ್ಬಿಣದ ಕೆಲಸದ ಜೊತೆಗೆ ಮೋಟಾರ್ ರಿಪೇರಿಯೂ ಗೊತ್ತಿತ್ತು. ಯಂತ್ರದ ಹುಚ್ಚಿದ್ದ ಹುಡುಗ ಗುಟ್ಸಿಗೆ ಅವರ ಕುಲುಮೆಯೇ ಎರಡನೇ ಶಾಲೆ. ಆಗಿನ ಬೈಕ್‌ಗಳನ್ನು ಬಿಚ್ಚಿ ನೋಡಿದ್ದು, ಎಲ್ಲಿ ಕೆಡುತ್ತೆ, ಯಾಕೆ ಕೆಡುತ್ತೆ ಅಂತ ಕಲಿತದ್ದು ಅಲ್ಲೇ. ಮುಂದೆ ಇಸೊಟ್ಟಾ ಫ್ರಾಸ್ಕಿನಿ ಎಂಬ ಹೆಸರಾಂತ ಮೋಟಾರು ಕಂಪನಿಯಲ್ಲೂ ಕೆಲಸ ಮಾಡಿದರು. ಆದರೆ ಆಗಿನ ಬೈಕ್‌ಗಳ ಬಗ್ಗೆ ಅವರಿಗೆ ಸಮಾಧಾನ ಇರಲಿಲ್ಲ. ಎಣ್ಣೆ ಸೋರೋದು, ಚೈನ್ ತುಂಡಾಗೋದು, ಎಂಜಿನ್ ಕಾದು ನಿಲ್ಲೋದು ಇದ್ದದ್ದೇ ಆಗಿತ್ತು. ಇದಕ್ಕಿಂತ ಚೆನ್ನಾಗಿ ಮಾಡಬಹುದು ಅನ್ನೋದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಯುದ್ಧದಲ್ಲಿ ಸಿಕ್ಕ ಇಬ್ಬರು ಗೆಳೆಯರು

ಮೊದಲನೇ ಮಹಾಯುದ್ಧ ಬಂತು. ಗುಟ್ಸಿ ಇಟಲಿಯ ವಾಯುದಳದಲ್ಲಿ ಮೆಕ್ಯಾನಿಕ್ ಆಗಿ ವೆನಿಸ್ ಕಡೆಯ ನೆಲೆಗೆ ಹೋದರು. ಅಲ್ಲಿ ಇಬ್ಬರು ಪೈಲಟ್‌ಗಳ ಸ್ನೇಹವಾಯಿತು. ಒಬ್ಬರು ಜಿನೋವಾದ ಹಡಗು ಮಾಲೀಕರ ಮಗ ಜಾರ್ಜೋ ಪರೋಡಿ. ಇನ್ನೊಬ್ಬರು ಬ್ರೆಶಿಯಾದ ಜೊವಾನ್ನಿ ರವೆಲ್ಲಿ, ಯುದ್ಧಕ್ಕೆ ಮೊದಲೇ ಬೈಕ್ ರೇಸಿನಲ್ಲಿ ಹೆಸರು ಮಾಡಿದ್ದವರು.

ಕೆಲಸ ಮುಗಿದ ಮೇಲೆ ಮೂವರದೂ ಒಂದೇ ಮಾತು, ಬೈಕು. ಗುಟ್ಸಿ ಬರೆದಿಟ್ಟಿದ್ದ ನಕ್ಷೆ ನೋಡಿ ಉಳಿದಿಬ್ಬರಿಗೂ ಹುರುಪು ಬಂತು. ಗುಟ್ಸಿ ಬೈಕ್ ಮಾಡೋದು, ಪರೋಡಿ ದುಡ್ಡು ಹೊಂದಿಸೋದು, ರವೆಲ್ಲಿ ರೇಸಿನಲ್ಲಿ ಓಡಿಸಿ ಹೆಸರು ತರೋದು ಅಂತ ಕೆಲಸ ಹಂಚಿಕೊಂಡರು.

ಆದರೆ ಯುದ್ಧ ಮುಗಿದ ಮರುವರ್ಷವೇ, 1919ರ ಆಗಸ್ಟ್‌ನಲ್ಲಿ, ರವೆಲ್ಲಿ ವಿಮಾನ ಬಿದ್ದು ತೀರಿಕೊಂಡರು. ಯುದ್ಧದಲ್ಲಿ ಬದುಕುಳಿದವರು ಶಾಂತಿಕಾಲದಲ್ಲಿ ಹೋದರು. ಆ ಗೆಳೆಯನ ನೆನಪಿಗೆ ಉಳಿದಿಬ್ಬರು ವಾಯುದಳದ ಹದ್ದನ್ನೇ ತಮ್ಮ ಬೈಕ್‌ನ ಗುರುತಾಗಿ ಇಟ್ಟುಕೊಂಡರು. ನೂರು ವರ್ಷ ದಾಟಿದರೂ ಆ ಹದ್ದು ಟ್ಯಾಂಕಿನಿಂದ ಇಳಿದಿಲ್ಲ.

ಎರಡು ಸಾವಿರ ಲೀರಾ, ಜೊತೆಗೆ ಒಂದು ಷರತ್ತು

ದುಡ್ಡು ಕೊಟ್ಟವರು ಪರೋಡಿಯ ತಂದೆ. ವ್ಯಾಪಾರ ಮಾಡುವ ನಮ್ಮ ಓದುಗರಿಗೆ ಅವರ ನಡೆ ಚೆನ್ನಾಗಿ ಅರ್ಥವಾದೀತು. 1919ರ ಜನವರಿಯಲ್ಲಿ ಮಗನಿಗೆ ಕಾಗದ ಬರೆದು, ಮೊದಲ ಪ್ರಯೋಗಕ್ಕೆ 1,500 ಅಥವಾ 2,000 ಲೀರಾ ಕೊಡಲು ಒಪ್ಪಿದರು. ಅದನ್ನು ಮೀರಿ ಯಾವ ಕಾರಣಕ್ಕೂ ಖರ್ಚು ಮಾಡುವ ಹಾಗಿಲ್ಲ ಅಂತ ಗೆರೆ ಎಳೆದರು. ನಕ್ಷೆಯನ್ನು ತಾನೇ ಖುದ್ದಾಗಿ ನೋಡುತ್ತೇನೆ, ಮನಸ್ಸಿಗೆ ಬಂದರೆ ಆಮೇಲೆ ಎಷ್ಟು ಬೇಕಾದರೂ ಮುಂದೆ ಹೋಗಬಹುದು ಅಂತಲೂ ತಿಳಿಸಿದರು. ಮಗ ಅಂತ ಕಣ್ಣು ಮುಚ್ಚಿ ಸುರಿಯಲಿಲ್ಲ, ಹುಡುಗಾಟ ಅಂತ ತಳ್ಳಿಯೂ ಹಾಕಲಿಲ್ಲ.

ಆ ದುಡ್ಡಲ್ಲಿ ಮೊದಲ ಬೈಕ್ ತಯಾರಾಗಿದ್ದು ಅದೇ ರಿಪಾಮೊಂಟಿಯವರ ಕುಲುಮೆಯಲ್ಲಿ. ಗುಟ್ಸಿ ಮತ್ತು ಪರೋಡಿ ಹೆಸರು ಸೇರಿಸಿ ಅದಕ್ಕೆ ಜಿ.ಪಿ. ಅಂತ ಹೆಸರಿಟ್ಟರು. ಆದರೆ ಜಿ.ಪಿ. ಅಂದರೆ ಜಾರ್ಜೋ ಪರೋಡಿ ಅಂತಲೂ ಆಗುತ್ತಲ್ಲ. ಬೈಕ್ ಮಾಡಿದವನ ಕೀರ್ತಿ ತನಗೆ ಬರೋದು ಬೇಡ ಅಂತ ಪರೋಡಿಯೇ ಹಿಂದೆ ಸರಿದರು. ಹೀಗೆ 1921ರ ಮಾರ್ಚ್ 15ರಂದು ಜಿನೋವಾದಲ್ಲಿ ರಿಜಿಸ್ಟರ್ ಆದ ಕಂಪನಿಗೆ ಮೋಟೊ ಗುಟ್ಸಿ ಎಂದು ಹೆಸರಾಯಿತು. ಕಾಗದಪತ್ರ ಜಿನೋವಾದಲ್ಲಿ, ಕಾರ್ಖಾನೆ ಮಾತ್ರ ಮಂಡೆಲ್ಲೋದಲ್ಲಿ. ಬಂಡವಾಳ ಪರೋಡಿ ಮನೆತನದ್ದು. ಗುಟ್ಸಿಗೆ ಸಿಗುತ್ತಿದ್ದದ್ದು ತಯಾರಾದ ಒಂದೊಂದು ಬೈಕ್‌ಗೆ ಇಷ್ಟು ಅಂತ ರಾಯಲ್ಟಿ. ಅಂದರೆ ಬೈಕ್ ಚೆನ್ನಾಗಿದ್ದು ಓಡಿದರೆ ಮಾತ್ರ ಅವರ ಬದುಕೂ ಓಡುತ್ತಿತ್ತು.

ಮಲಗಿಸಿದ ಸಿಲಿಂಡರ್

ಜಿ.ಪಿ.ಯ ಎಂಜಿನ್‌ನಲ್ಲಿ ಒಂದು ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ದವು, ಮೇಲೆ ಕ್ಯಾಮ್‌ಶಾಫ್ಟ್. ಆ ಕಾಲಕ್ಕೆ ಬಹಳ ಮುಂದುವರಿದ ಕೆಲಸ. ಆದರೆ ಅದನ್ನು ಹಾಗೇ ಮಾರಿದರೆ ಕೊಳ್ಳುವವರ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಗುಟ್ಸಿ ತಾವೇ ಮಾಡಿದ್ದನ್ನು ತಾವೇ ಸರಳ ಮಾಡಿದರು. ಎರಡೇ ವಾಲ್ವ್, ಕಡಿಮೆ ಖರ್ಚು, ರಿಪೇರಿಗೂ ಸಲೀಸು. 1921ರಲ್ಲಿ ಮಾರುಕಟ್ಟೆಗೆ ಬಂದ ಆ ಬೈಕ್ ಹೆಸರು ನಾರ್ಮಾಲೆ. 500 ಸಿಸಿ ಇದ್ದರೂ ಶಕ್ತಿ ಸುಮಾರು 8 ಹಾರ್ಸ್‌ಪವರ್, ಇವತ್ತಿನ ನಮ್ಮ 100 ಸಿಸಿ ಬೈಕ್‌ನಷ್ಟು. ಮೊದಲ ವರ್ಷ ಮಾಡಿದ್ದು 17 ಬೈಕ್.

ಅದರಲ್ಲಿ ಏನು ವಿಶೇಷ? ಬೇರೆಯವರು ಸಿಲಿಂಡರನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ಗುಟ್ಸಿ ಅದನ್ನು ಮುಂದಕ್ಕೆ ಮಲಗಿಸಿದರು. ಓಡುವಾಗ ಎದುರು ಗಾಳಿ ನೇರವಾಗಿ ಸಿಲಿಂಡರಿನ ತಲೆಗೇ ಬಡಿಯುತ್ತದೆ, ಕಾವು ಇಳಿಯುತ್ತದೆ. ಭಾರ ಕೆಳಗಿರುವುದರಿಂದ ಗಾಡಿ ತೂಗಾಡುವುದಿಲ್ಲ. ಎಂಜಿನ್ನು ಮತ್ತು ಗೇರ್‌ಬಾಕ್ಸ್ ನಡುವೆ ಚೈನ್ ತೆಗೆದು ಗೇರ್ ಚಕ್ರಗಳನ್ನೇ ಹಾಕಿದರು, ತುಂಡಾಗುವ ಭಯ ಇಲ್ಲ. ಭಾರಿ ಫ್ಲೈವೀಲನ್ನು ಎಂಜಿನ್ ಒಳಗಿಡದೆ ಎಡಗಡೆ ಹೊರಗೇ ಕೂರಿಸಿದರು. ಒಳಗಿನ ಪೆಟ್ಟಿಗೆ ಚಿಕ್ಕದಾಯಿತು, ಗಟ್ಟಿಯೂ ಆಯಿತು. ತಟ್ಟೆಯಂಥ ಆ ಚಕ್ರ ಹೊರಗೆ ತಿರುಗೋದನ್ನ ನೋಡಿ ಇಟಲಿಯ ಜನ ಅದನ್ನು ಅಂಗಡಿಯಲ್ಲಿ ಮಾಂಸ ಹೆಚ್ಚುವ ಯಂತ್ರಕ್ಕೆ ಹೋಲಿಸಿ ಹೆಸರಿಟ್ಟರು.

ಸಿಲಿಂಡರಿನ ಬೋರು 88 ಮಿ.ಮೀ., ಪಿಸ್ಟನ್ ಓಡಾಡುವ ದೂರ 82 ಮಿ.ಮೀ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತವೆ.

ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಹಾಕಿದ ಧೈರ್ಯ

ಆಗಿನ ಬೈಕ್‌ಗಳ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಸ್ಪ್ರಿಂಗೇ ಇರುತ್ತಿರಲಿಲ್ಲ. ಹಾಕಿದರೆ ಗಾಡಿ ಅಲುಗಾಡುತ್ತೆ ಅಂತ ನಂಬಿಕೆ. ಗುಟ್ಸಿ ಇದನ್ನು ಒಪ್ಪಲಿಲ್ಲ. ಎಂಜಿನ್ ಕೆಳಗಡೆ ಸ್ಪ್ರಿಂಗ್ ಕೂರಿಸಿ ಹೊಸ ಚೌಕಟ್ಟು ಮಾಡಿದರು. ಜನ ನಂಬಬೇಕಲ್ಲ? 1928ರಲ್ಲಿ ಅವರ ಸಹೋದರ ಜುಸೆಪ್ಪೆ ಗುಟ್ಸಿ ಅದೇ ಬೈಕ್ ಏರಿ ಇಟಲಿಯಿಂದ ನಾರ್ವೆಯ ಉತ್ತರ ಭಾಗದವರೆಗೆ, ಹಿಮದ ನಾಡಿನ ಕಚ್ಚಾ ರಸ್ತೆಗಳಲ್ಲಿ ಓಡಿಸಿಕೊಂಡು ಹೋಗಿ ಬಂದರು. ಆ ಮಾದರಿಗೆ ನಾರ್ವೆಯ ಹೆಸರನ್ನೇ ಇಟ್ಟು ನೊರ್ಜೆ ಎಂದು ಕರೆದರು.

ಆದರೂ ರೇಸಿನ ಲೋಕ ಪೂರ್ತಿ ಒಪ್ಪಿದ್ದು 1935ರಲ್ಲಿ. ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸ್ ಅಂದರೆ ಆಗ ಬೈಕ್ ಲೋಕದ ದೊಡ್ಡ ಜಾತ್ರೆ. 500 ಸಿಸಿಯ ಸೀನಿಯರ್ ರೇಸನ್ನು 1911ರ ನಂತರ ಬ್ರಿಟಿಷ್ ಬೈಕ್ ಬಿಟ್ಟು ಬೇರೆ ಯಾವುದೂ ಗೆದ್ದಿರಲಿಲ್ಲ. ಗುಟ್ಸಿಯ ಎರಡು ಸಿಲಿಂಡರಿನ, ಹಿಂದೆ ಸ್ಪ್ರಿಂಗ್ ಇದ್ದ ಬೈಕನ್ನು ಐರ್ಲೆಂಡಿನ ಸ್ಟಾನ್ಲಿ ವುಡ್ಸ್ ಓಡಿಸಿದರು. ಕೊನೆಯ ಸುತ್ತಿಗೆ ಮುಂಚೆ ನಾರ್ಟನ್ ಬೈಕ್‌ನ ಜಿಮ್ಮಿ ಗಥ್ರಿಗಿಂತ 26 ಸೆಕೆಂಡ್ ಹಿಂದಿದ್ದರು. ಗುಟ್ಸಿ ತಂಡದವರು ಪೆಟ್ರೋಲ್ ಹಾಕುವವರ ಹಾಗೆ ಸಿದ್ಧತೆ ನಡೆಸಿದರು. ಇದನ್ನು ನೋಡಿ ನಾರ್ಟನ್ ಕಡೆಯವರು ನಿಶ್ಚಿಂತೆಯಾದರು. ವುಡ್ಸ್ ಮಾತ್ರ ನಿಲ್ಲದೆ ಹೊಡೆದುಕೊಂಡು ಹೋದರು. ಗಥ್ರಿಗೆ ಜನ ಅಭಿನಂದನೆ ಹೇಳುತ್ತಿರುವಾಗಲೇ ವುಡ್ಸ್ 4 ಸೆಕೆಂಡಿನಲ್ಲಿ ಗೆದ್ದಿದ್ದು ಗೊತ್ತಾಯಿತು! ಸ್ಪ್ರಿಂಗ್ ಬೇಡ ಅನ್ನುತ್ತಿದ್ದ ಕಂಪನಿಗಳೂ ಆಮೇಲೆ ಅದೇ ದಾರಿಗೆ ಬಂದವು.

ಏರಿದ್ದು, ಇಳಿದಿದ್ದು

ಎರಡನೇ ಮಹಾಯುದ್ಧ ಇಟಲಿಯನ್ನು ಬರಿಗೈ ಮಾಡಿತು. ಜನರಿಗೆ ಬೇಕಿದ್ದದ್ದು ಅಗ್ಗದ ಗಾಡಿ. 1946ರಲ್ಲಿ ಕಂಪನಿ 65 ಸಿಸಿಯ ಪುಟ್ಟ ಬೈಕ್ ತಂದಿತು, ಜನ ಅದನ್ನು ಪ್ರೀತಿಯಿಂದ ಗುಟ್ಸೀನೋ, ಅಂದರೆ ಪುಟ್ಟ ಗುಟ್ಸಿ, ಅಂದರು. ಅದೇ ವರ್ಷ ಎರ್ಕೊಲೆ ಎಂಬ ಮೂರು ಚಕ್ರದ ಲಗೇಜ್ ಗಾಡಿ ಬಂತು. ಅದಕ್ಕೂ ಅದೇ ಮಲಗಿದ 500 ಸಿಸಿ ಎಂಜಿನ್. ರೈತರು, ಅಂಗಡಿಯವರು ಸರಕು ಹೇರಿಕೊಂಡು ಓಡಾಡಿದ ಈ ಗಾಡಿ 1980ರವರೆಗೂ ತಯಾರಾಯಿತು. 1950ರಲ್ಲಿ ಬಂದ ಫಾಲ್ಕೋನೆ ಬೈಕ್ ಅಂತೂ ಇಟಲಿಯ ಪೊಲೀಸರಿಗೂ ಸೈನ್ಯಕ್ಕೂ ಸವಾರಿಯಾಯಿತು.

ರೇಸಿನಲ್ಲಿ 1953ರಿಂದ 1957ರವರೆಗೆ ಸತತ ಐದು ವರ್ಷ 350 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಗುಟ್ಸಿ ಬೈಕ್‌ಗೇ. ಎದುರಾಳಿಗಳಲ್ಲಿ ನಾಲ್ಕು ಸಿಲಿಂಡರಿನ ಬೈಕ್‌ಗಳಿದ್ದವು. ಗೆದ್ದದ್ದು ಮಾತ್ರ ಒಂದೇ ಸಿಲಿಂಡರಿನ, ಮಲಗಿದ ಎಂಜಿನ್‌ನ ಹಗುರ ಬೈಕ್. ಅದನ್ನು ರೂಪಿಸಿದವರು ಕಂಪನಿಯ ಎಂಜಿನಿಯರ್ ಜೂಲಿಯೋ ಚೆಸಾರೆ ಕರ್ಕಾನೋ. ಗಾಳಿಯ ಹೊಡೆತ ಪರೀಕ್ಷಿಸಲು ಮಂಡೆಲ್ಲೋದ ಕಾರ್ಖಾನೆಯಲ್ಲೇ ದೊಡ್ಡ ಗಾಳಿ ಸುರಂಗ ಕಟ್ಟಿದ್ದರು.

ಆಮೇಲೆ ಇಳಿಗಾಲ. 1955ರಲ್ಲಿ ಜಾರ್ಜೋ ಪರೋಡಿ ತೀರಿಕೊಂಡರು. 1957ರ ಕೊನೆಗೆ ಕಂಪನಿ ರೇಸಿನಿಂದಲೇ ಹಿಂದೆ ಸರಿಯಿತು. ಅದೇ ವರ್ಷ ಫಿಯೆಟ್ ಪುಟ್ಟ 500 ಕಾರು ಬಿಟ್ಟಿತು. ಮಳೆಯಲ್ಲಿ ನೆನೆಯದೆ ಹೆಂಡತಿ ಮಕ್ಕಳ ಜೊತೆ ಹೋಗೋ ಹಾಗಾದರೆ ಬೈಕ್ ಯಾರು ತಗೋತಾರೆ? ಮಾರಾಟ ಕುಸಿಯಿತು. 1964ರ ನವೆಂಬರ್ 3ರಂದು ಕಾರ್ಲೋ ಗುಟ್ಸಿ ಕಣ್ಣು ಮುಚ್ಚಿದಾಗ ಅವರ ಹೆಸರಿನ ಕಂಪನಿ ಕಷ್ಟದಲ್ಲಿತ್ತು. 1967ರಲ್ಲಿ ಅದು ಬೇರೆಯವರ ಕೈಗೆ ಹೋಯಿತು.

ಆದರೆ ಎಂಜಿನ್ ಹೋಗಲಿಲ್ಲ. ಹೊಸ ಫಾಲ್ಕೋನೆ ಬೈಕ್ 1976ರವರೆಗೆ ತಯಾರಾಯಿತು. ಅದರ ಬೋರು 88, ಸ್ಟ್ರೋಕು 82. 1921ರ ಅದೇ ಅಳತೆ, 55 ವರ್ಷ!

ಹವ್ಯಾಸಿಗಳು ಹುಡುಕೋದು ಏನನ್ನ?

ಹಳೇ ಗುಟ್ಸಿ ಬೈಕ್‌ಗಳು ಇವತ್ತಿಗೂ ಉಳಿದಿರೋದಕ್ಕೆ ಅಂದದ ಜೊತೆಗೆ ಈ ಸರಳತನವೂ ಕಾರಣ. ಸಿಲಿಂಡರ್ ಮುಂದಕ್ಕೆ ಮಲಗಿರುವುದರಿಂದ ಹೆಡ್ ಬಿಚ್ಚಲು ಎಂಜಿನ್ನನ್ನೇ ಕೆಳಗಿಳಿಸಬೇಕಿಲ್ಲ. ಭಾಗಗಳು ಕಡಿಮೆ, ಲೇತ್ ಕೆಲಸ ಬಲ್ಲವರು ಸವೆದದ್ದನ್ನು ಮತ್ತೆ ಮಾಡಿಕೊಡಬಲ್ಲರು. ಆದರೆ ಹೊರಗಿನ ಫ್ಲೈವೀಲನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು, ಸುತ್ತಿಗೆ ಹಿಡಿದರೆ ಕ್ರ್ಯಾಂಕಿಗೇ ಪೆಟ್ಟು.

ಅಳತೆ ಇಷ್ಟು ವರ್ಷ ಒಂದೇ ಇದ್ದದ್ದರಲ್ಲಿ ಒಂದು ತೊಡಕೂ ಇದೆ. ಒಂದು ಕಾಲದ ಬೈಕ್‌ಗೆ ಇನ್ನೊಂದು ಕಾಲದ ಭಾಗ ಕೂತುಬಿಟ್ಟಿರಬಹುದು. ಅದಕ್ಕೇ ಅನುಭವ ಇದ್ದವರು ಬಣ್ಣ, ಹೊಳಪು ನೋಡಿ ಮರುಳಾಗೋಲ್ಲ. ಮೊದಲು ಚಾಸಿ ನಂಬರ್, ಎಂಜಿನ್ ನಂಬರ್, ಕಾಗದಪತ್ರ ನೋಡ್ತಾರೆ. ಮೂಲ ಬಣ್ಣ ಸ್ವಲ್ಪ ಉಳಿದಿದ್ದರೂ ಅದನ್ನು ಕೆರೆಯದೆ ಹಾಗೇ ಉಳಿಸಿಕೊಳ್ಳೋರು ಈಗ ಹೆಚ್ಚು.

ನಮ್ಮ ಕಡೆ ಇಟಲಿಯ ಗಾಡಿ ಬಂದದ್ದು ಸ್ಕೂಟರ್ ರೂಪದಲ್ಲಿ. ವೆಸ್ಪಾ ಬಜಾಜ್ ಮೂಲಕ, ಲ್ಯಾಂಬ್ರೆಟ್ಟಾ ಮುಂಬೈನ ಕಾರ್ಖಾನೆಯ ಮೂಲಕ. 1960ರ ದಶಕದ ಅಂಥದ್ದೊಂದು ಯಾರದಾದರೂ ಮನೆಯ ಹಿತ್ತಲಲ್ಲಿ ಇದ್ದರೆ ಗುಜರಿಗೆ ಹಾಕೋ ಮೊದಲು ಆರ್‌ಸಿ ಹುಡುಕಿ. 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ಚಾಲ್ತಿ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಆ ಗಾಡಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಹೊರಗೆ ತರಬಹುದು.

ಮಾಲೀಕರು ಹಲವು ಸಲ ಬದಲಾದರೂ ಮೋಟೊ ಗುಟ್ಸಿ ಕಾರ್ಖಾನೆ ಮಂಡೆಲ್ಲೋ ಬಿಟ್ಟು ಹೋಗಿಲ್ಲ. ಕುಲುಮೆಯಲ್ಲಿ ತಯಾರಾದ ಆ ಮೊದಲ ಜಿ.ಪಿ. ಬೈಕ್ ಅಲ್ಲಿನ ಮ್ಯೂಸಿಯಂನಲ್ಲೇ ಇದೆ. ಹಳೇ ಗುಟ್ಸಿ ಇಟ್ಟುಕೊಂಡವರು ದೂರದ ದೇಶಗಳಿಂದ ಗಾಡಿ ಓಡಿಸಿಕೊಂಡೇ ಆ ಊರಿಗೆ ಬಂದು ನೋಡಿ ಹೋಗುತ್ತಾರೆ.