ಬೆಂಗಳೂರಿನ ಡಾಕ್ಟರ್ ಪಲ್ಪು

ಡಾಕ್ಟರ್ ಪಲ್ಪು ಅವರ ಹೆಸರು ಮಲಯಾಳ ದೇಶದಲ್ಲಿ ಮನೆಮಾತು. ಶ್ರೀ ನಾರಾಯಣ ಗುರುಗಳ ಚರಿತ್ರೆಯನ್ನಾಗಲಿ, ಮಹಾಕವಿ ಕುಮಾರನ್ ಆಶಾನರ ಚರಿತ್ರೆಯನ್ನಾಗಲಿ ಬರೆಯಹೊರಟವರು ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ಅದೇ ಪಲ್ಪು ಅವರು ಹೆಚ್ಚುಕಡಮೆ ಮೂವತ್ತು ವರ್ಷಗಳ ಕಾಲ ಮೈಸೂರು ಸರ್ಕಾರದ ಸೇವೆಯಲ್ಲಿದ್ದರೆಂಬುದೂ, ಪ್ಲೇಗಿನ ದಿನಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದುಡಿದರೆಂಬುದೂ, ಮೈಸೂರಿನ ಬೊಕ್ಕಸದ ಹಣದಿಂದಲೇ ವಿಲಾಯತಿಗೆ ಹೋಗಿ ಹೆಚ್ಚಿನ ವ್ಯಾಸಂಗ ಮಾಡಿ ಬಂದರೆಂಬುದೂ ನಮ್ಮವರ ನೆನಪಿನಿಂದ ಬಹುಮಟ್ಟಿಗೆ ಜಾರಿಹೋಗಿವೆ. ಈಗ ಆಫ್ರಿಕ ಖಂಡದ ಹಲವು ದೇಶಗಳಲ್ಲಿ, ವೈದ್ಯರಿಗೂ ದಾದಿಯರಿಗೂ ಚಿಕಿತ್ಸೆಯ ವಿದ್ಯೆಯೊಂದೇ ಸಾಲದು, ಜನರನ್ನು ಮುನ್ನಡೆಸುವ ವಿದ್ಯೆಯೂ ಬೇಕು ಎಂದು ಬಗೆದು, ಅದಕ್ಕಾಗಿ ವೇತನವಿತ್ತು ತರಬೇತು ಮಾಡುತ್ತಿದ್ದಾರೆ. ಅಂಥ ಸುದ್ದಿಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ಈ ಹಳೆಯ ಡಾಕ್ಟರರ ಕಡೆಗೆ ಹೊರಳುತ್ತದೆ.

ಪದ್ಮನಾಭನ್ ಪಲ್ಪು ಹುಟ್ಟಿದ್ದು ೧೮೬೩ರ ನವೆಂಬರ್ ೨ರಂದು, ತಿರುವನಂತಪುರದ ಪೇಟ್ಟ ಎಂಬಲ್ಲಿ. ಕುಲದಿಂದ ಈಳವರು. ತೆಂಗಿನ ಕಸುಬು, ನೇಯ್ಗೆ, ಬೇಸಾಯಗಳಿಂದ ಬದುಕುತ್ತಿದ್ದ ಆ ಜನದಲ್ಲಿ ಆಯುರ್ವೇದ ಬಲ್ಲ ವೈದ್ಯರಿಗೂ ಕೊರತೆಯಿರಲಿಲ್ಲ. ಹೀಗಿದ್ದೂ ತಿರುವಾಂಕೂರಿನ ಸರ್ಕಾರಿ ವೈದ್ಯಶಾಲೆಯ ಬಾಗಿಲು ಅವರಿಗೆ ಮುಚ್ಚಿತ್ತು. ೧೮೮೪ರಲ್ಲಿ ಪಲ್ಪು ಪ್ರವೇಶ ಪರೀಕ್ಷೆಗೆ ಕುಳಿತರು, ಒಳ್ಳೆಯ ಸ್ಥಾನದಲ್ಲಿಯೇ ತೇರ್ಗಡೆಯಾದರು; ಜಾತಿಯ ದೆಸೆಯಿಂದ ಅವರಿಗೆ ಸ್ಥಳ ಸಿಕ್ಕಲಿಲ್ಲ. ಹೇಗೋ ಹಣ ಹೊಂದಿಸಿಕೊಂಡು ಮದರಾಸಿಗೆ ಹೋಗಿ ಅಲ್ಲಿಯ ಮೆಡಿಕಲ್ ಕಾಲೇಜನ್ನು ಸೇರಿ, ೧೮೮೯ರ ಹೊತ್ತಿಗೆ ಎಲ್.ಎಂ.ಎಸ್. ಪದವಿ ಪಡೆದು ಊರಿಗೆ ಮರಳಿ ಕೆಲಸ ಕೇಳಿದರು. ಆಗಲೂ ಅದೇ ಉತ್ತರ. ಅವರ ಅಣ್ಣ ವೇಲಾಯುಧನ್ ಬಿ.ಎ. ಪಾಸು ಮಾಡಿದ್ದರೂ ಅವರಿಗೂ ಸ್ವಂತ ಸಂಸ್ಥಾನದಲ್ಲಿ ಎಡೆಯಿಲ್ಲದೆ ಮದರಾಸು ಪ್ರಾಂತ್ಯವನ್ನೇ ಆಶ್ರಯಿಸಬೇಕಾಯಿತು. ಒಂದೇ ಮನೆಯ ಇಬ್ಬರು ವಿದ್ಯಾವಂತರು ಹೀಗೆ ಗಡಿ ದಾಟಿದರು.

ಪಲ್ಪು ಅವರಿಗೆ ಮೈಸೂರು ಕೆಲಸ ಕೊಟ್ಟಿತು. ಸಿಡುಬಿನ ದೇವಿ ಹಾಕಲು ಬೇಕಾದ ದ್ರವವನ್ನು ಕರುಗಳ ಮೈಮೇಲೆ ಬೆಳೆಸಿ ತಯಾರಿಸುವ ಬೆಂಗಳೂರಿನ ಸಂಸ್ಥೆಯಲ್ಲಿ ಅವರು ನೆಲೆನಿಂತರು. ಈ ಕೆಲಸವನ್ನು ಕಿರಿದೆಂದು ತಿಳಿಯಬಾರದು. ರೋಗಿ ತಾನಾಗಿ ಆಸ್ಪತ್ರೆಗೆ ಬರುತ್ತಾನೆ. ದೇವಿ ಹಾಕಿಸಿಕೊಳ್ಳಬೇಕಾದವನನ್ನಾದರೋ ಮನೆಮನೆಗೆ ಹೋಗಿ ಹುಡುಕಬೇಕು, ಒಲಿಸಬೇಕು, ಲೆಕ್ಕವಿಡಬೇಕು. ಜನಸಮೂಹವನ್ನು ಒಂದು ದೇಹವೆಂಬಂತೆ ನೋಡುವ ಕಣ್ಣು ಪಲ್ಪು ಅವರಿಗೆ ಇಲ್ಲಿ ಬಂದಿರಬೇಕೆಂದು ನನಗೆ ತೋರುತ್ತದೆ. ತಿರುವಾಂಕೂರಿನ ಹುದ್ದೆಗಳು ತಿರುವಾಂಕೂರಿನವರಿಗೆ ಸಲ್ಲಲೆಂದು ೧೮೯೧ರಲ್ಲಿ ಹತ್ತು ಸಾವಿರಕ್ಕೂ ಮೀರಿದ ಜನ ಮಹಾರಾಜರಿಗೆ ಅರ್ಪಿಸಿದ ಮಲಯಾಳಿ ಮಹಾವಿಜ್ಞಾಪನೆಯಲ್ಲಿ ಅವರ ಸಹಿಯೂ ಇತ್ತು. ಅದರಿಂದ ಈಳವರಿಗೆ ಏನೂ ದಕ್ಕದಿದ್ದಾಗ, ೧೮೯೬ರಲ್ಲಿ ಅವರೇ ಮುಂದಾಗಿ, ಸರ್ಕಾರಿ ಶಾಲೆ ಮತ್ತು ನೌಕರಿಗಳಲ್ಲಿ ಪ್ರವೇಶ ಕೋರಿ, ೧೩,೧೭೬ ಜನರ ಸಹಿಯುಳ್ಳ ಮತ್ತೊಂದು ವಿಜ್ಞಾಪನೆಯನ್ನು ಸಲ್ಲಿಸಿದರು. ದೂರದ ಬೆಂಗಳೂರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದುಕೊಂಡು, ಅಕ್ಷರ ಕಲಿಯಲು ಅವಕಾಶವೇ ಕಡಮೆಯಾಗಿದ್ದ ಜನದಿಂದ ಇಷ್ಟು ಸಹಿಗಳನ್ನು ಕೂಡಿಸುವುದು ಸಾಮಾನ್ಯ ಸಂಘಟನೆಯಲ್ಲ. ಫಲವೇನೋ ಆಗಲೂ ದೊರೆಯಲಿಲ್ಲ.

ಸ್ವಾಮಿ ವಿವೇಕಾನಂದರು ೧೮೯೨ರಲ್ಲಿ ಈ ಕಡೆ ಸಂಚರಿಸುತ್ತಿದ್ದಾಗ ಪಲ್ಪು ಅವರನ್ನು ಕಂಡಿದ್ದರೆಂದೂ, ಬರಿಯ ಅರ್ಜಿಗಳನ್ನು ನಂಬದೆ ನಿಮ್ಮವರಲ್ಲೇ ಒಬ್ಬ ಅಧ್ಯಾತ್ಮಪುರುಷನನ್ನು ಮುಂದಿಟ್ಟುಕೊಂಡು ಜನವನ್ನು ಕಟ್ಟಬೇಕೆಂದು ಸಲಹೆಯಿತ್ತರೆಂದೂ ಹೇಳುತ್ತಾರೆ. ಅಂಥ ಪುರುಷ ಆಗಲೇ ಅರುವಿಪ್ಪುರದಲ್ಲಿದ್ದರು. ಆ ನಾರಾಯಣ ಗುರುಗಳು ೧೮೯೫ರಲ್ಲಿ ತಮ್ಮ ಇಪ್ಪತ್ತೆರಡು ವರ್ಷದ ಶಿಷ್ಯನೊಬ್ಬನನ್ನು ಬೆಂಗಳೂರಿನ ಪಲ್ಪು ಅವರ ಮನೆಗೆ ಕಳುಹಿಸಿದರು. ಮನೆಯವರು ಅವನನ್ನು ಚಿನ್ನಸ್ವಾಮಿ ಎಂದು ಕರೆದರು. ಅವನು ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರವನ್ನು ಓದಿದನು. ಡಾಕ್ಟರರ ಪುಸ್ತಕಗಳ ನಡುವೆ ಇಂಗ್ಲಿಷ್ ಸಾಹಿತ್ಯದ ರುಚಿಯನ್ನು ಕಂಡನು. ಬೆಂಗಳೂರನ್ನು ಬಿಡಬೇಕಾದಾಗ ಕಲ್ಕತ್ತೆಯಲ್ಲಿ ಓದು ಮುಂದುವರಿಸಲು ಬೇಕಾದ ನೆರವೂ ಪಲ್ಪು ಅವರಿಂದಲೇ ಬಂತು. ಈ ಚಿನ್ನಸ್ವಾಮಿಯೇ ಮುಂದೆ ಮಲಯಾಳದ ಮಹಾಕವಿ ಕುಮಾರನ್ ಆಶಾನ್. ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ, ಒಬ್ಬ ವೈದ್ಯನ ಸಂಬಳದಲ್ಲಿ ನಡೆದ ವಿದ್ಯಾರ್ಥಿವೇತನವಿದು. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ನೆನಪಿಡತಕ್ಕದ್ದು.

೧೮೯೮ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿದ್ದರೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ಕಾಲದ ಮಾತುಗಳು ನಮ್ಮ ಚಿತ್ರದುರ್ಗದ ಸೀಮೆಯ ಹಳ್ಳಿಗಳಲ್ಲಿಯೂ ತಲೆಮಾರು ದಾಟಿ ಉಳಿದಿವೆ. ರೋಗಾಣುವನ್ನು ಯರ್ಸಿನ್ ಕಂಡುಹಿಡಿದು ಆಗ ನಾಲ್ಕೇ ವರ್ಷವಾಗಿತ್ತು. ಹಾಫ್ಕಿನ್ನರ ಲಸಿಕೆ ಸಿದ್ಧವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬ ಮಾತನ್ನು ಸಿಮೊಂಡ್ ಆ ವರ್ಷವಷ್ಟೇ ಮುಂದಿಟ್ಟಿದ್ದನು. ವಿದ್ವಾಂಸರು ಅದನ್ನಿನ್ನೂ ನಂಬಿರಲಿಲ್ಲ. ರೋಗಿಯನ್ನು ಬೇರ್ಪಡಿಸುವುದು, ಮನೆಯನ್ನು ತೆರವು ಮಾಡಿಸುವುದು, ಹೆಣಗಳನ್ನು ಸಾಗಿಸುವುದು, ಇವಿಷ್ಟೇ ವೈದ್ಯರ ಕೈಯಲ್ಲಿದ್ದ ಉಪಾಯ. ಜನರಿಗೆ ರೋಗದಷ್ಟೇ ಭಯ ರೋಗದ ಅಧಿಕಾರಿಗಳನ್ನು ಕಂಡರೆ! ಮನೆಯೊಳಗೆ ನುಗ್ಗಿ ಹೆಂಗಸರನ್ನು ಪರೀಕ್ಷಿಸುತ್ತಾರೆ, ಶಿಬಿರಕ್ಕೆ ಹೋದವರು ಮರಳುವುದಿಲ್ಲ ಎಂಬ ಮಾತು ಹಬ್ಬಿದ್ದ ಕಾಲದಲ್ಲಿ, ಪಲ್ಪು ಪ್ಲೇಗಿನ ಶಿಬಿರಗಳ ಹೊಣೆ ಹೊತ್ತು ಜೀವದ ಹಂಗು ತೊರೆದು ದುಡಿದರು. ಮದ್ದು ಇಲ್ಲದ ರೋಗದ ಮುಂದೆ ವೈದ್ಯನಿಗೆ ಉಳಿಯುವುದು ಜನರ ವಿಶ್ವಾಸವೊಂದೇ.

ಶತಮಾನ ಮುಗಿಯುವ ಆ ವರ್ಷಗಳಲ್ಲಿಯೇ ಮೈಸೂರು ಸರ್ಕಾರ ಅವರನ್ನು ತನ್ನ ಖರ್ಚಿನಲ್ಲಿ ಯೂರೋಪಿಗೆ ಕಳುಹಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಎಳೆಯರು. ಆಳುತ್ತಿದ್ದವರು ರೀಜೆಂಟ್ ಮಹಾರಾಣಿ ವಾಣೀವಿಲಾಸ ಸನ್ನಿಧಾನ. ಹಿರೇಗುಂಟನೂರು, ಹಿರಿಯೂರುಗಳ ಕಡೆಯ ನಮಗೆಲ್ಲ ಮಾರಿಕಣಿವೆಯ ಅಣೆಕಟ್ಟಿನ ಹೆಸರಾಗಿ ನಿತ್ಯ ಪರಿಚಿತರಾದವರು. ಪಲ್ಪು ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು. ನೀರಿನ ಪರೀಕ್ಷೆ, ಚರಂಡಿಯ ಏರ್ಪಾಡು, ಜನನಮರಣಗಳ ಗಣನೆ, ಆರೋಗ್ಯದ ಕಾನೂನು, ಇವು ಆ ವಿದ್ಯೆಯ ಅಂಗಗಳು. ಇಲ್ಲಿ ರೋಗಿಗಿಂತ ಊರು ಮುಖ್ಯ. ಮರಳಿ ಬಂದು ಅವರು ಬೆಂಗಳೂರು ನಗರದ ಹೆಲ್ತ್ ಆಫೀಸರರಾದರು.

ಮೈಸೂರನ್ನು ಕೊಂಡಾಡುವ ಭರದಲ್ಲಿ ಇನ್ನೊಂದು ಮುಖವನ್ನು ಮರೆಮಾಡುವುದು ನ್ಯಾಯವಲ್ಲ. ಹೊರಗಿನ ಈಳವನಿಗೆ ಸ್ಥಾನ ಕೊಟ್ಟ ಈ ಸಂಸ್ಥಾನದಲ್ಲಿಯೇ, ಸ್ವಂತ ನೆಲದ ಹಿಂದುಳಿದ ಜನ ತಮಗೆ ನೌಕರಿಯಲ್ಲಿ ಪಾಲಿಲ್ಲವೆಂದು ದೂರುತ್ತಿದ್ದರು. ಅದನ್ನು ವಿಚಾರಿಸಲು ಲೆಸ್ಲಿ ಮಿಲ್ಲರರ ಸಮಿತಿ ನೇಮಕವಾದದ್ದು ೧೯೧೮ರಲ್ಲಿ, ಪಲ್ಪು ನಿವೃತ್ತರಾಗುವುದಕ್ಕೆ ಎರಡು ವರ್ಷ ಮೊದಲು. ತಿರುವಾಂಕೂರು ಪಲ್ಪು ಅವರಿಗೆ ಮಾಡಿದ್ದನ್ನು ಬೇರೆ ಬೇರೆ ರೂಪದಲ್ಲಿ ಎಲ್ಲ ಸಂಸ್ಥಾನಗಳೂ ಯಾರಿಗಾದರೂ ಮಾಡುತ್ತಲೇ ಇದ್ದವು. ಒಬ್ಬನ ಮಟ್ಟಿಗಾದರೂ ಮೈಸೂರು ಬಾಗಿಲು ತೆರೆಯಿತು ಎಂಬಷ್ಟು ಹೇಳಿದರೆ ಸತ್ಯಕ್ಕೆ ಲೋಪವಾಗದು.

೧೯೦೩ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪಿತವಾಯಿತು. ಗುರುಗಳು ಅಧ್ಯಕ್ಷರು, ಆಶಾನ್ ಕಾರ್ಯದರ್ಶಿ. ಹಿಂದೆ ನಿಂತು ಚಾಲನೆಯಿತ್ತವರು ಪಲ್ಪು. ೧೯೦೫ರಲ್ಲಿ ಕೊಲ್ಲಂನಲ್ಲಿ ಕೃಷಿ ಕೈಗಾರಿಕೆಗಳ ಪ್ರದರ್ಶನವೊಂದು ನಡೆದದ್ದರಲ್ಲಿಯೂ ಅವರ ಕೈಯಿತ್ತು. ಗುಡಿ, ಶಾಲೆ, ಮಗ್ಗ ಮೂರೂ ಒಟ್ಟಿಗೆ ಬೆಳೆಯಬೇಕೆಂಬುದು ಅವರ ಎಣಿಕೆ.

೧೯೨೦ರಲ್ಲಿ ನಿವೃತ್ತರಾದ ಮೇಲೆ ಅವರು ಮೂವತ್ತು ವರ್ಷ ಬಾಳಿದರು. ತಮ್ಮನ್ನು ತಿರಸ್ಕರಿಸಿದ ತಿರುವಾಂಕೂರಿನಲ್ಲಿ ೧೯೩೬ರ ನವೆಂಬರ್‌ನಲ್ಲಿ ದೇವಸ್ಥಾನಗಳ ಬಾಗಿಲು ಎಲ್ಲ ಹಿಂದುಗಳಿಗೂ ತೆರೆದುದನ್ನು ಕಂಡರು. ಆಶಾನ್ ಆ ದಿನವನ್ನು ನೋಡಲಿಲ್ಲ. ೧೯೨೪ರಲ್ಲಿಯೇ ದೋಣಿಯ ದುರಂತದಲ್ಲಿ ತೀರಿಕೊಂಡಿದ್ದರು. ಪಲ್ಪು ಕಣ್ಮುಚ್ಚಿದ್ದು ೧೯೫೦ರ ಜನವರಿ ೨೫ರಂದು, ಭಾರತ ಗಣರಾಜ್ಯವಾಗುವ ಹಿಂದಿನ ದಿನ. ಬೆಂಗಳೂರಿನಲ್ಲಿ ೧೮೯೫ರಲ್ಲಿ ಹುಟ್ಟಿದ ಅವರ ಮಗ ಪ್ಯಾರಿಸಿನಲ್ಲಿ ಓದಿ, ನಟರಾಜ ಗುರು ಎಂಬ ಹೆಸರಿನಿಂದ ನಾರಾಯಣ ಗುರುಗಳ ತತ್ತ್ವವನ್ನು ಬೋಧಿಸುತ್ತ ೧೯೭೩ರವರೆಗೆ ಬದುಕಿದ್ದರು. ನೀಲಗಿರಿಯಲ್ಲಿ ಅವರು ಸ್ಥಾಪಿಸಿದ ಗುರುಕುಲದ ಒಂದು ಶಾಖೆ ಬೆಂಗಳೂರಿನ ಸಮೀಪದ ಸೋಮನಹಳ್ಳಿಯಲ್ಲಿಯೂ ನೆಲೆಗೊಂಡಿತು.