ಗಿಡಗಳ ಲೆಕ್ಕವಿಟ್ಟ ಜಾನಕಿ ಅಮ್ಮಾಳ್

ನೆರೆಯ ತಲಶ್ಶೇರಿಯಲ್ಲಿ 1897ರಲ್ಲಿ ಜನಿಸಿದ ಡಾ. ಇ. ಕೆ. ಜಾನಕಿ ಅಮ್ಮಾಳರನ್ನು ನಾವು ಕಬ್ಬಿನ ವಿಜ್ಞಾನಿಯೆಂದಷ್ಟೇ ಬಲ್ಲೆವು. ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಬಂದ ಅವರು 1934ರಲ್ಲಿ ಕೊಯಮುತ್ತೂರಿನ ಕಬ್ಬು ತಳಿ ಸಂಶೋಧನಾ ಕೇಂದ್ರವನ್ನು ಸೇರಿದರು. ಕಬ್ಬನ್ನು ಮೆಕ್ಕೆಜೋಳದೊಡನೆ ಸಂಕರಗೊಳಿಸಿ, ಸೂಕ್ಷ್ಮದರ್ಶಕದಡಿ ವರ್ಣತಂತುಗಳನ್ನು ಎಣಿಸಿದರು. ಆದರೆ ಅಂಥ ಎಣಿಕೆಗಳು ನಾನಾ ದೇಶಗಳ ಪತ್ರಿಕೆಗಳಲ್ಲಿ ಚೆದರಿದ್ದವು. ಬೇಕಾದವರು ಪುಸ್ತಕಾಲಯಗಳನ್ನೇ ಜಾಲಾಡಬೇಕಿತ್ತು. ಮುಂದೆ ಇಂಗ್ಲೆಂಡಿನಲ್ಲಿ ಡಾರ್ಲಿಂಗ್ಟನ್ನರ ಜತೆಗೂಡಿ ಅವನ್ನೆಲ್ಲ ಒಂದೆಡೆ ಕಲೆಹಾಕಿದರು. ಯಾವ ಗಿಡಕ್ಕೆ ಎಷ್ಟು, ಎಣಿಸಿದವರು ಯಾರು ಎಂದು ತಿಳಿಸುವ ಆ ಗ್ರಂಥ 1945ರಲ್ಲಿ ಹೊರಬಂತು. ಪರರ ಎಣಿಕೆಯನ್ನು ಪಟ್ಟಿಮಾಡುವ ತಾಳ್ಮೆ ಎಷ್ಟು ಪಂಡಿತರಿಗಿದೆ?

ನೆಹರೂ ಕರೆಯಂತೆ ಸ್ವದೇಶಕ್ಕೆ ಮರಳಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪುನಾರಚನೆಗೆ ತೊಡಗಿದರು. 1955ರಲ್ಲಿ ಅದರ ದಕ್ಷಿಣ ಶಾಖೆ ಕೊಯಮುತ್ತೂರಿನಲ್ಲಿ ಆರಂಭವಾಗಿ, ಅಲ್ಲಿದ್ದ ಮದರಾಸು ಹರ್ಬೇರಿಯಂ ಅದರ ವಶಕ್ಕೆ ಬಂತು. ಒಣಗಿಸಿ ಹಾಳೆಗಂಟಿಸಿದ ಗಿಡಗಳು, ಸಿಕ್ಕಿದ ಊರು, ತಾರೀಕಿನ ಚೀಟಿ ಸಹಿತ, ಪುಸ್ತಕಗಳಂತೆಯೇ ಅಲ್ಲಿ ಕಪಾಟುಗಳಲ್ಲಿವೆ. ಮದರಾಸು ಪ್ರಾಂತ್ಯದ ಕಾಲದ ದಕ್ಷಿಣ ಕನ್ನಡದ ಗಿಡಗಳೂ ಇವೆ. 1956ರ ತನಕ ನಮ್ಮ ಕಾಸರಗೋಡೂ ಆ ಜಿಲ್ಲೆಯದೇ ಅಲ್ಲವೆ! ಕೆಂಪುಕಲ್ಲಿನ ಕೋರೆಗೆ ಹೋದ ಗುಡ್ಡದಲ್ಲಿ ಹಿಂದೆ ಏನು ಬೆಳೆಯುತ್ತಿತ್ತೆಂದು ತಿಳಿಯಲು ನಾವೀಗ ಅಂಥ ಹಾಳೆಗಳನ್ನೇ ತೆರೆಯಬೇಕು.

ಜಾನಕಿ ಅಮ್ಮಾಳ್ 1984ರ ಫೆಬ್ರವರಿಯಲ್ಲಿ, 86ನೆಯ ವಯಸ್ಸಿನಲ್ಲಿ ನಿಧನರಾದರು. ಕೊನೆಯ ತನಕವೂ ಸಂಶೋಧನೆಯನ್ನು ಬಿಟ್ಟಿರಲಿಲ್ಲ.