ಪದವಿಯ ಮುಂದಣ ಪಾಠ

ನಮ್ಮ ಗೋಣಿಕೊಪ್ಪಲಿನ ಸೀಮೆಯ ಲಕ್ಷ್ಮಣತೀರ್ಥವು ಕೃಷ್ಣರಾಜಸಾಗರವನ್ನು ಸೇರುವುದನ್ನು ನೆನೆದಾಗಲೆಲ್ಲ, ಆ ಕಟ್ಟೆಯ ಹಿಂದಿದ್ದ ವಿಶ್ವೇಶ್ವರಯ್ಯನವರ ಮುಗಿಯದ ವಿದ್ಯಾರ್ಥಿಜೀವನವೇ ನನಗೆ ಹಿರಿದಾಗಿ ತೋರುತ್ತದೆ. 1883ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ಪರೀಕ್ಷೆ ಗೆದ್ದು, ಮರುವರ್ಷ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಇಂದಿನ ಇಂಜಿನಿಯರುಗಳಿಗೂ ಭೂಮಾಪಕರಿಗೂ ಇರುವ ಮರುತರಬೇತಿ ಅಂದು ಅವರಿಗಿರಲಿಲ್ಲ. ಲೋಕವನ್ನೇ ಶಾಲೆ ಮಾಡಿಕೊಂಡರು. 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಕೈಗಾರಿಕೆಯನ್ನೂ ಶಿಕ್ಷಣವನ್ನೂ ಕಂಡು ಬಂದರು. ನೀರೇರಿದರೆ ತಾವೇ ತೆರೆದು, ಇಳಿದರೆ ಮುಚ್ಚಿಕೊಳ್ಳುವ ಅವರ ಬಾಗಿಲುಗಳು 1903ರಲ್ಲಿ ಖಡಕವಾಸ್ಲಾ ಕಟ್ಟೆಯಲ್ಲಿ ನಿಂತವು. ಮುಂಬಯಿ ಸೇವೆ ಬಿಟ್ಟ ಮೇಲೂ ಕಲಿಯಲೆಂದೇ ಪಶ್ಚಿಮದೇಶಗಳನ್ನು ಸುತ್ತಿದರು. ತಾವು ಅಲೆದು ಪಡೆದುದು ನಾಡಿನ ಮಕ್ಕಳಿಗೆ ಮನೆಯ ಬಳಿಯೇ ದೊರೆಯಲೆಂದು, ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿಸಿದರು. 1962ರಲ್ಲಿ, ನೂರು ದಾಟಿದ ಮೇಲೆ, ಕಾಲವಾದರು. ಪದವಿಪತ್ರವನ್ನು ಗೋಡೆಗೆ ತೂಗುಹಾಕಿ ವಿರಮಿಸುವ ನಮ್ಮಂಥ ಅಧ್ಯಾಪಕರಿಗೂ ಆ ಬಾಳು ಒಂದು ಪ್ರಶ್ನೆಯೇ ಸರಿ.